ಉಗ್ರವಾದೀಕರಣ ಮತ್ತು ಮಾಧ್ಯಮ, ಕರ್ನಾಟಕದಲ್ಲಿ

ಉಗ್ರವಾದೀಕರಣ ಎಂದರೆ ವ್ಯಕ್ತಿ ಅಥವಾ ಗುಂಪು ತನ್ನ ಧಾರ್ಮಿಕ, ರಾಜಕೀಯ ಇಲ್ಲವೆ ಸಾಮಾಜಿಕ ಗುರಿಗಾಗಿ ಹಿಂಸೆಯನ್ನು ನ್ಯಾಯವೆಂದು ಒಪ್ಪಿಕೊಳ್ಳುವ ನೆಲೆಗೆ ಹಂತಹಂತವಾಗಿ ತಲುಪುವ ಪ್ರಕ್ರಿಯೆ. ಪತ್ರಿಕೆ, ದೂರದರ್ಶನ ವಾಹಿನಿ ಮತ್ತು ಸಾಮಾಜಿಕ ಜಾಲತಾಣಗಳು ಈ ಪ್ರಕ್ರಿಯೆಯನ್ನೂ ಅದರಿಂದ ಹುಟ್ಟುವ ಕೃತ್ಯಗಳನ್ನೂ ವರದಿ ಮಾಡುವ ರೀತಿ ಸಾರ್ವಜನಿಕ ಚರ್ಚೆಯ ಪ್ರತ್ಯೇಕ ವಿಷಯವಾಗಿ ಬೆಳೆದಿದೆ. ಕರ್ನಾಟಕದಲ್ಲಿ ಈ ಚರ್ಚೆಗೆ ಹೈದರಾಬಾದ್ ಸಂಸ್ಥಾನದ ಕೊನೆಯ ವರ್ಷಗಳಿಂದ ಇಂದಿನವರೆಗಿನ ಇತಿಹಾಸವಿದೆ. ಈ ಅವಧಿಯ ಪ್ರಕರಣಗಳಲ್ಲಿ ಹಿಂದೂ, ಮುಸ್ಲಿಂ ಮತ್ತು ಎಡಪಂಥೀಯ ಹಿನ್ನೆಲೆಯ ಗುಂಪುಗಳು ಕಾಣಿಸಿಕೊಂಡಿವೆ.

ಪರಿಭಾಷೆ

ಈ ಲೇಖನದಲ್ಲಿ ಉಗ್ರವಾದ ಎಂದರೆ ಹಿಂಸೆಯನ್ನು ಸಮರ್ಥಿಸುವ ವಿಚಾರಧಾರೆ. ಭಯೋತ್ಪಾದನೆ ಎಂದರೆ ಜನರಲ್ಲಿ ಭೀತಿ ಹುಟ್ಟಿಸಲು ಅಥವಾ ಸರ್ಕಾರವನ್ನು ಮಣಿಸಲು ನಡೆಸುವ ಹಿಂಸಾಕೃತ್ಯ. ಕೋಮುವಾದ ಎಂದರೆ ಒಂದು ಮತದವರ ಹಿತವು ಇನ್ನೊಂದು ಮತದವರ ಹಿತಕ್ಕೆ ಸಹಜವಾಗಿಯೇ ವಿರುದ್ಧ ಎಂಬ ರಾಜಕೀಯ ನಿಲುವು. ಮೂಲಭೂತವಾದ ಎಂದರೆ ಧರ್ಮಗ್ರಂಥವನ್ನು ಅಕ್ಷರಶಃ ಪಾಲಿಸಬೇಕೆಂಬ ನಂಬಿಕೆ. ಅದನ್ನು ಪಾಲಿಸುವವರೆಲ್ಲರೂ ಹಿಂಸೆಯನ್ನು ಒಪ್ಪುವುದಿಲ್ಲ. ಆರೋಪಿ ಎಂದರೆ ತನಿಖೆಗೆ ಇಲ್ಲವೆ ವಿಚಾರಣೆಗೆ ಒಳಗಾದ ವ್ಯಕ್ತಿ. ಅಪರಾಧಿ ಎಂದರೆ ನ್ಯಾಯಾಲಯ ತಪ್ಪಿತಸ್ಥನೆಂದು ತೀರ್ಮಾನಿಸಿದ ವ್ಯಕ್ತಿ.

ಐತಿಹಾಸಿಕ ಹಿನ್ನೆಲೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪ್ರದೇಶಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದವು. ಲಾತೂರಿನ ವಕೀಲ ಖಾಸಿಂ ರಜ್ವಿಯ ನಾಯಕತ್ವದ ರಜಾಕಾರ ಪಡೆ 1947–48ರಲ್ಲಿ ಸಂಸ್ಥಾನದ ಹಳ್ಳಿಗಳಲ್ಲಿ ಲೂಟಿ ಮತ್ತು ಕೊಲೆಗಳನ್ನು ನಡೆಸಿತು. ಅದನ್ನು ಎದುರಿಸಲು ಸಂಸ್ಥಾನದ ಗಡಿಯಾಚೆ ಮುಂಡರಗಿ, ಗಜೇಂದ್ರಗಡ ಮೊದಲಾದ ಕಡೆ ಹೋರಾಟಗಾರರ ಶಿಬಿರಗಳು ಆರಂಭವಾದವು. ಮುಂಡರಗಿ ಶಿಬಿರದ ಮುಂದಾಳು ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂದೆ ಲೋಕಸಭಾ ಸದಸ್ಯರಾದರು.

ಉಗ್ರವಾದದ ವಿರುದ್ಧ ಬರೆದ ಪತ್ರಕರ್ತನ ಕೊಲೆಯೂ ಈ ಅವಧಿಯಲ್ಲಿ ನಡೆಯಿತು. ರಜಾಕಾರರನ್ನು ಖಂಡಿಸಿ ಭಾರತದೊಂದಿಗೆ ವಿಲೀನವನ್ನು ಬೆಂಬಲಿಸಿದ ಉರ್ದು ಪತ್ರಿಕೆ ಇಮ್ರೋಜ್‌ನ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಹತ್ಯೆಯಾದರು. ಸೆಪ್ಟೆಂಬರ್ 13ರಂದು ಆರಂಭವಾದ ಭಾರತ ಸರ್ಕಾರದ ಪೊಲೀಸ್ ಕಾರ್ಯಾಚರಣೆ 17ರಂದು ಸಂಸ್ಥಾನದ ಶರಣಾಗತಿಯೊಂದಿಗೆ ಮುಗಿಯಿತು. ಆ ದಿನವನ್ನು ಈಗ ಕಲ್ಯಾಣ ಕರ್ನಾಟಕ ಉತ್ಸವವಾಗಿ ಆಚರಿಸಲಾಗುತ್ತದೆ. ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಅದರ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ತನಿಖೆ ಮಾಡಿದ ಪಂಡಿತ್ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜು ಮಾಡಿತು. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. ಹೀಗಾಗಿ ರಜಾಕಾರರ ಹಾವಳಿ ಜನರ ನೆನಪಿನಲ್ಲೂ ಮುದ್ರಿತ ಸಾಹಿತ್ಯದಲ್ಲೂ ಉಳಿಯಿತು. ಕಾರ್ಯಾಚರಣೆಯ ಸಮಯದ ಮತ್ತು ನಂತರದ ಹಿಂಸೆ ಬಹುಮಟ್ಟಿಗೆ ಸಾರ್ವಜನಿಕ ಚರ್ಚೆಯಿಂದ ಹೊರಗೇ ಇತ್ತು.

ಕರ್ನಾಟಕದ ಏಕೀಕರಣದ ನಂತರ ಮಾಧ್ಯಮವೇ ಗಲಭೆಯ ನಿಮಿತ್ತವಾದ ಎರಡು ಪ್ರಸಂಗಗಳಿವೆ. 1986ರ ಡಿಸೆಂಬರ್‌ನಲ್ಲಿ ಡೆಕ್ಕನ್ ಹೆರಾಲ್ಡ್‌ನ ಭಾನುವಾರದ ಪುರವಣಿಯಲ್ಲಿ ಬಂದ ಅನುವಾದಿತ ಸಣ್ಣಕತೆಯೊಂದು ಪ್ರವಾದಿಗೆ ಅವಮಾನ ಮಾಡಿದೆ ಎಂಬ ಆಕ್ರೋಶ ಎದ್ದು, ಬೆಂಗಳೂರು ಮತ್ತು ಮೈಸೂರಿನಲ್ಲಿ ಸಾವುನೋವು ಸಂಭವಿಸಿತು. ಪತ್ರಿಕೆ ಕ್ಷಮೆ ಯಾಚಿಸಿತು. 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನ ಉರ್ದು ವಾರ್ತೆ ಆರಂಭಿಸಿದಾಗ ಪ್ರತಿಭಟನೆ ಗಲಭೆಯಾಗಿ ತಿರುಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಪ್ರಸಾರವನ್ನು ನಿಲ್ಲಿಸಲಾಯಿತು.

ಪ್ರಕ್ರಿಯೆಯ ಸ್ವರೂಪ

ಉಗ್ರವಾದೀಕರಣಕ್ಕೆ ಒಂದೇ ಕಾರಣವಿಲ್ಲ. ಅನ್ಯಾಯವಾಗಿದೆ ಎಂಬ ಭಾವನೆ, ತನ್ನ ಸಮುದಾಯ ಅಪಾಯದಲ್ಲಿದೆ ಎಂಬ ನಂಬಿಕೆ, ಆ ನಂಬಿಕೆಯನ್ನು ಗಟ್ಟಿಗೊಳಿಸುವ ಮಾರ್ಗದರ್ಶಕ, ಹೊರಗಿನವರೊಡನೆ ಸಂಪರ್ಕ ಕಡಿದುಕೊಂಡ ಸಣ್ಣ ಗುಂಪು ಮತ್ತು ಆಯುಧದ ತರಬೇತಿ ಸಾಮಾನ್ಯವಾಗಿ ಕಂಡುಬರುವ ಅಂಶಗಳು. ಈ ದಾರಿಯಲ್ಲಿ ಹೆಜ್ಜೆಯಿಟ್ಟ ಬಹುತೇಕರು ಹಿಂಸೆಗೆ ಇಳಿಯುವುದಿಲ್ಲ. ನಡುವೆಯೇ ಹಿಂದಿರುಗುವವರೂ ಇದ್ದಾರೆ.

ರಾಜ್ಯದ ತನಿಖಾ ದಾಖಲೆಗಳಲ್ಲಿ ಈ ಅಂಶಗಳು ಬೇರೆಬೇರೆ ರೂಪದಲ್ಲಿವೆ. ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿನಗರದ ಮನೆಯ ಮುಂದೆ ಗುಂಡಿಕ್ಕಿ ಕೊಲ್ಲಲಾಯಿತು. ವಿಶೇಷ ತನಿಖಾ ತಂಡ 2018ರ ನವೆಂಬರ್‌ನಲ್ಲಿ 9,235 ಪುಟಗಳ ಹೆಚ್ಚುವರಿ ಆರೋಪಪಟ್ಟಿ ಸಲ್ಲಿಸಿತು. ವಿವಿಧ ಹಿಂದುತ್ವ ಸಂಘಟನೆಗಳ ಸಂಪರ್ಕದಲ್ಲಿದ್ದ ಯುವಕರನ್ನು ಆರಿಸಿ, ಸುಳ್ಳು ಹೆಸರುಗಳನ್ನು ಕೊಟ್ಟು, ಒಬ್ಬರ ಪರಿಚಯ ಇನ್ನೊಬ್ಬರಿಗೆ ಆಗದಂತೆ ತರಬೇತಿ ನೀಡಲಾಗಿತ್ತು ಎಂಬುದು ತಂಡದ ನಿರೂಪಣೆ. ಗೌರಿ 2012ರಲ್ಲಿ ಮಂಗಳೂರಿನಲ್ಲಿ ಮಾಡಿದ್ದ ಭಾಷಣದ ವಿಡಿಯೊ ತುಣುಕನ್ನು ಆರೋಪಿಗಳಿಗೆ ತೋರಿಸಿ ಕೃತ್ಯಕ್ಕೆ ಅಣಿಗೊಳಿಸಲಾಗಿತ್ತು ಎಂದೂ ತಂಡ ಹೇಳಿತು. 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದಲ್ಲಿ ವಚನ ಸಾಹಿತ್ಯದ ವಿದ್ವಾಂಸ ಎಂ.ಎಂ. ಕಲಬುರ್ಗಿ ಅವರ ಹತ್ಯೆಗೂ ಗೌರಿ ಹತ್ಯೆಯ ಪಿಸ್ತೂಲೇ ಬಳಕೆಯಾಗಿತ್ತು ಎಂದು ವಿಧಿವಿಜ್ಞಾನ ಪರೀಕ್ಷೆ ತಿಳಿಸಿತು.

ಇಸ್ಲಾಮಿಕ್ ಸ್ಟೇಟ್ ನಂಟಿನ ಪ್ರಕರಣಗಳಲ್ಲಿ ನೇಮಕಾತಿ ಬಹುಪಾಲು ಅಂತರ್ಜಾಲದ ಮೂಲಕ ನಡೆದಿದೆ ಎಂಬುದು ರಾಷ್ಟ್ರೀಯ ತನಿಖಾ ಸಂಸ್ಥೆಯ (ಎನ್‌ಐಎ) ಹೇಳಿಕೆ. ಪಶ್ಚಿಮ ಘಟ್ಟದ ನಕ್ಸಲ್ ಚಳವಳಿಯ ಹಿನ್ನೆಲೆ ಬೇರೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಎತ್ತಂಗಡಿಯಾಗುವ ಭಯದಲ್ಲಿದ್ದ ಮಲೆಕುಡಿಯ ಮತ್ತಿತರ ಕುಟುಂಬಗಳ ಅಹವಾಲುಗಳ ಮೇಲೆ ಅದು ನೆಲೆಯೂರಿತು.

ಬಗೆಗಳು

ಧಾರ್ಮಿಕ ಉಗ್ರವಾದ: ಗದಗದಲ್ಲಿ 1924ರಲ್ಲಿ ಆರಂಭವಾದ ದೀನ್‌ದಾರ್ ಅಂಜುಮನ್ ಪಂಥಕ್ಕೆ ಸೇರಿದ ಕೆಲವರು 2000ದ ಜೂನ್ ಮತ್ತು ಜುಲೈ ತಿಂಗಳಲ್ಲಿ ವಾಡಿ, ಹುಬ್ಬಳ್ಳಿ ಮತ್ತು ಬೆಂಗಳೂರಿನ ಚರ್ಚುಗಳಲ್ಲಿ ಬಾಂಬ್ ಸ್ಫೋಟಿಸಿದರು. 2008ರ ಜುಲೈ 25ರ ಬೆಂಗಳೂರು ಸರಣಿ ಸ್ಫೋಟ, 2010ರ ಏಪ್ರಿಲ್ 17ರ ಚಿನ್ನಸ್ವಾಮಿ ಕ್ರೀಡಾಂಗಣ ಸ್ಫೋಟ, 2022ರ ನವೆಂಬರ್ 19ರ ಮಂಗಳೂರು ಆಟೊ ಕುಕ್ಕರ್ ಸ್ಫೋಟ ಮತ್ತು 2024ರ ಮಾರ್ಚ್ 1ರ ಬೆಂಗಳೂರು ರಾಮೇಶ್ವರಂ ಕೆಫೆ ಸ್ಫೋಟ ಇಸ್ಲಾಮೀ ಉಗ್ರವಾದದ ಹೆಸರಿನಲ್ಲಿ ತನಿಖೆಯಾದ ಪ್ರಕರಣಗಳು. ಕಲಬುರ್ಗಿ ಮತ್ತು ಗೌರಿ ಹತ್ಯೆಗಳು ಹಿಂದುತ್ವವಾದಿ ಉಗ್ರವಾದದ ಹೆಸರಿನಲ್ಲಿ ತನಿಖೆಯಾದವು.

ಎಡಪಂಥೀಯ ಉಗ್ರವಾದ: ನಕ್ಸಲ್ ನಾಯಕ ಸಾಕೇತ್ ರಾಜನ್ 2005ರ ಫೆಬ್ರುವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಕೆಲವೇ ದಿನಗಳಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ನಕ್ಸಲರು ದಾಳಿ ಮಾಡಿ ಪೊಲೀಸರನ್ನು ಕೊಂದರು.

ಪ್ರತೀಕಾರದ ಕೊಲೆಗಳು: ಕರಾವಳಿ ಮತ್ತು ಮಲೆನಾಡಿನಲ್ಲಿ ಒಂದು ಕೊಲೆಗೆ ಇನ್ನೊಂದು ಉತ್ತರವೆಂಬಂತೆ ನಡೆದ ಸರಣಿಗಳಿವೆ. 2022ರ ಜುಲೈನಲ್ಲಿ ದಕ್ಷಿಣ ಕನ್ನಡದ ಬೆಳ್ಳಾರೆ ಮತ್ತು ಸುರತ್ಕಲ್ ಸುತ್ತ ಹಿಂದೂ ಮತ್ತು ಮುಸ್ಲಿಂ ಸಮುದಾಯಗಳ ಮೂವರು ಯುವಕರು ಹತ್ತು ದಿನಗಳ ಒಳಗೆ ಪ್ರಾಣ ಕಳೆದುಕೊಂಡರು. 2025ರ ಮೇ ತಿಂಗಳಲ್ಲಿ ಬಜಪೆ ಮತ್ತು ಬಂಟ್ವಾಳದಲ್ಲಿ ಇಂಥವೇ ಎರಡು ಕೊಲೆಗಳಾದವು.

ಮಾಧ್ಯಮ ವರದಿಯ ವಿಧಾನಗಳು

1990ರ ದಶಕದ ಅಂತ್ಯದವರೆಗೆ ವರದಿಗಾರಿಕೆ ಮುಖ್ಯವಾಗಿ ಮುದ್ರಣ ಮಾಧ್ಯಮದಲ್ಲಿತ್ತು. ಸಂಯುಕ್ತ ಕರ್ನಾಟಕ, ಪ್ರಜಾವಾಣಿ, ಕನ್ನಡಪ್ರಭ, ಉದಯವಾಣಿ ದೈನಿಕಗಳ ಜೊತೆಗೆ 1980ರಲ್ಲಿ ಆರಂಭವಾದ ಲಂಕೇಶ್ ಪತ್ರಿಕೆ ಕೋಮುಹಿಂಸೆಯ ತನಿಖಾ ವರದಿಗಳಿಗೆ ಜಾಗ ಕೊಟ್ಟಿತು. 2006ರಲ್ಲಿ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ ಬಂದ ಮೇಲೆ ದಿನವಿಡೀ ಸುದ್ದಿ ಬಿತ್ತರಿಸುವ ಪದ್ಧತಿ ಬಂತು. ಬ್ರೇಕಿಂಗ್ ನ್ಯೂಸ್, ಸಿಸಿಟಿವಿ ದೃಶ್ಯಗಳ ಪುನರಾವರ್ತನೆ, ಸ್ಟುಡಿಯೊ ಚರ್ಚೆ ಮತ್ತು ಪೊಲೀಸ್ ಮೂಲಗಳನ್ನು ಉಲ್ಲೇಖಿಸುವ ಹೆಸರಿಲ್ಲದ ಮಾಹಿತಿ ಈ ಪದ್ಧತಿಯ ಸಾಮಾನ್ಯ ಅಂಗಗಳಾದವು. ಸ್ಮಾರ್ಟ್‌ಫೋನ್ ಹರಡಿದ ನಂತರ ವಾಟ್ಸ್‌ಆ್ಯಪ್ ಗುಂಪುಗಳು ಮತ್ತು ಯೂಟ್ಯೂಬ್ ವಾಹಿನಿಗಳು ಸೇರಿಕೊಂಡವು. 2020ರ ಆಗಸ್ಟ್ 11ರಂದು ಬೆಂಗಳೂರಿನ ಡಿ.ಜೆ. ಹಳ್ಳಿ ಮತ್ತು ಕೆ.ಜಿ. ಹಳ್ಳಿಯಲ್ಲಿ ಪೊಲೀಸ್ ಠಾಣೆಗಳಿಗೂ ಶಾಸಕರ ಮನೆಗೂ ಬೆಂಕಿ ಬಿದ್ದ ಗಲಭೆ ಒಂದು ಫೇಸ್‌ಬುಕ್ ಬರಹದಿಂದ ಆರಂಭವಾಯಿತು. ಪೊಲೀಸರ ಗುಂಡಿಗೆ ಮೂವರು ಬಲಿಯಾದರು.

ಚರ್ಚೆಯ ಮುಖ್ಯ ಪ್ರಶ್ನೆಗಳು

ಆತುರದ ಆರೋಪ: ತನಿಖೆ ಮುಗಿಯುವ ಮೊದಲೇ ಕೃತ್ಯವನ್ನು ಒಂದು ಸಮುದಾಯಕ್ಕೆ ಹೊರಿಸುವುದು ಹೆಚ್ಚು ಟೀಕೆಗೆ ಒಳಗಾದ ಅಭ್ಯಾಸ. 2000ದ ಚರ್ಚ್ ಸ್ಫೋಟಗಳಾದಾಗ ಮೊದಲು ಸಂಶಯ ಹೋದದ್ದು ಹಿಂದೂ ಸಂಘಟನೆಗಳ ಮೇಲೆ. ಜುಲೈ 9ರಂದು ಬೆಂಗಳೂರಿನಲ್ಲಿ ಸ್ಫೋಟಕ ತುಂಬಿದ್ದ ವ್ಯಾನ್ ತಾನೇ ಸಿಡಿದಾಗ ದೀನ್‌ದಾರ್ ಅಂಜುಮನ್ ನಂಟು ಹೊರಬಿತ್ತು. 2008ರ ಮೇ 10ರಂದು ಹುಬ್ಬಳ್ಳಿ ನ್ಯಾಯಾಲಯದಲ್ಲಿ ಸ್ಫೋಟವಾದಾಗ ನಡೆದದ್ದು ಇದರ ತಿರುಗುಮುರುಗು. ಸಂಶಯ ಮೊದಲು ನಿಷೇಧಿತ ಸಿಮಿ ಸಂಘಟನೆಯ ಮೇಲೆ ಹೋಯಿತು. ಮುಂದಿನ ವರ್ಷ ಪೊಲೀಸರು ಹಿಂದೂ ಯುವಕರ ಗುಂಪನ್ನು ಬಂಧಿಸಿದರು. 2012ರ ಜನವರಿ 1ರಂದು ಸಿಂದಗಿಯ ತಹಶೀಲ್ದಾರ್ ಕಚೇರಿ ಎದುರು ಪಾಕಿಸ್ತಾನದ ಧ್ವಜ ಹಾರಿಸಿದ ಪ್ರಕರಣದಲ್ಲಿಯೂ ಕೋಮುಗಲಭೆ ಎಬ್ಬಿಸುವ ಉದ್ದೇಶದ ಆರೋಪದ ಮೇಲೆ ಹಿಂದೂ ಯುವಕರ ಬಂಧನವಾಯಿತು. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಯುವಕ ಪರೇಶ್ ಮೇಸ್ತನ ಶವ ಕೆರೆಯಲ್ಲಿ ಸಿಕ್ಕಾಗ ಅದನ್ನು ಕೋಮುಕೊಲೆ ಎಂದು ಪ್ರಚಾರ ಮಾಡಲಾಯಿತು. ಉತ್ತರ ಕನ್ನಡದಲ್ಲಿ ಗಲಭೆಗಳಾದವು. 2022ರ ಅಕ್ಟೋಬರ್‌ನಲ್ಲಿ ಸಿಬಿಐ ಅದು ಆಕಸ್ಮಿಕ ಸಾವು ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ವಾಹಿನಿಗಳ ಮೊದಲ ವರದಿ ಪರೀಕ್ಷೆಯಲ್ಲಿ ನಿಂತ ಉದಾಹರಣೆಯೂ ಇದೆ. 2024ರ ಫೆಬ್ರುವರಿ 27ರಂದು ವಿಧಾನಸೌಧದಲ್ಲಿ ಪಾಕಿಸ್ತಾನ ಪರ ಘೋಷಣೆ ಕೂಗಲಾಯಿತೆಂಬ ವರದಿಯನ್ನು ಆಡಳಿತ ಪಕ್ಷದ ನಾಯಕರು ಅಲ್ಲಗಳೆದರು; ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂದ ಮೇಲೆ ಮೂವರ ಬಂಧನವಾಯಿತು.

ಬಂಧನ ಮತ್ತು ಬಿಡುಗಡೆ: ಬಂಧನ ಮುಖಪುಟದ ಸುದ್ದಿಯಾಗಿ, ಖುಲಾಸೆ ಒಳಪುಟಕ್ಕೆ ಸರಿಯುತ್ತದೆ ಎಂಬುದು ಎರಡನೆಯ ಆಕ್ಷೇಪ. 2008ರಲ್ಲಿ ಸಿಮಿ ಸಂಚಿನ ಆರೋಪದ ಮೇಲೆ ವೈದ್ಯಕೀಯ ವಿದ್ಯಾರ್ಥಿಗಳೂ ಸೇರಿ ಹಲವರ ಬಂಧನವಾದಾಗ ಅದು ವಾರಗಟ್ಟಲೆ ದೊಡ್ಡ ಸುದ್ದಿಯಾಗಿತ್ತು. 2015ರಲ್ಲಿ ಹುಬ್ಬಳ್ಳಿ ನ್ಯಾಯಾಲಯ ಆ ಪ್ರಕರಣದ 17 ಆರೋಪಿಗಳನ್ನು ಖುಲಾಸೆಗೊಳಿಸಿತು. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನ ಯುವ ಪತ್ರಕರ್ತರೊಬ್ಬರನ್ನು ಭಯೋತ್ಪಾದನಾ ಸಂಚಿನ ಆರೋಪದಲ್ಲಿ ಬಂಧಿಸಲಾಯಿತು. ಎನ್‌ಐಎ ಅವರ ವಿರುದ್ಧ ಆರೋಪ ಹೊರಿಸದ ಕಾರಣ 2013ರ ಫೆಬ್ರುವರಿಯಲ್ಲಿ ಬಿಡುಗಡೆಯಾದರು. ಅದೇ 2012ರಲ್ಲಿ ನಕ್ಸಲ್ ನಂಟಿನ ಆರೋಪದ ಮೇಲೆ ಬಂಧಿತನಾದ ಮಂಗಳೂರು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿಯನ್ನು 2021ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ದೋಷಮುಕ್ತಗೊಳಿಸಿತು. ಆತನಿಂದ ವಶಪಡಿಸಿಕೊಂಡ ವಸ್ತುಗಳಲ್ಲಿ ಪುಸ್ತಕಗಳೂ ಪತ್ರಿಕಾ ತುಣುಕುಗಳೂ ಇದ್ದವು.

ವಿದೇಶದಲ್ಲಿ ಕನ್ನಡಿಗರಿಗೆ ಸಂಬಂಧಿಸಿದ ಪ್ರಸಿದ್ಧ ಉದಾಹರಣೆ 2007ರದು. ಬೆಂಗಳೂರಿನ ಎಂಜಿನಿಯರ್ ಕಫೀಲ್ ಅಹಮದ್ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಮಾನ ನಿಲ್ದಾಣದ ಮೇಲೆ ದಾಳಿ ನಡೆಸಿ, ಸುಟ್ಟ ಗಾಯಗಳಿಂದ ಸತ್ತ. ಆತನ ಸಂಬಂಧಿ, ಆಸ್ಟ್ರೇಲಿಯಾದಲ್ಲಿದ್ದ ವೈದ್ಯ ಮೊಹಮ್ಮದ್ ಹನೀಫ್ ಅವರನ್ನು ಜುಲೈ 2ರಂದು ಬ್ರಿಸ್ಬೇನ್‌ನಲ್ಲಿ ಬಂಧಿಸಲಾಯಿತು. ಆರೋಪವನ್ನು ಅದೇ ತಿಂಗಳು ಕೈಬಿಡಲಾಯಿತು. 2008ರ ಕ್ಲಾರ್ಕ್ ವಿಚಾರಣೆ ಅವರನ್ನು ನಿರ್ದೋಷಿ ಎಂದಿತು; 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಪರಿಹಾರ ನೀಡಿತು.

ಸ್ಥಳದಲ್ಲಿರುವ ಪತ್ರಕರ್ತನ ಹೊಣೆ: 2009ರ ಜನವರಿ 24ರಂದು ಮಂಗಳೂರಿನ ಪಬ್‌ನಲ್ಲಿ ಯುವತಿಯರ ಮೇಲೆ ಶ್ರೀರಾಮ ಸೇನೆಯವರು ದಾಳಿ ಮಾಡಿದಾಗ ಕ್ಯಾಮೆರಾಗಳು ಅಲ್ಲಿದ್ದವು. ದಾಳಿಕೋರರು ಪ್ರಚಾರಕ್ಕಾಗಿ ಮಾಧ್ಯಮವನ್ನು ಕರೆಯುತ್ತಾರೆಯೇ, ಕರೆದಾಗ ವರದಿಗಾರ ಪೊಲೀಸರಿಗೆ ತಿಳಿಸಬೇಕೇ ಎಂಬ ಪ್ರಶ್ನೆಗಳು ಎದ್ದವು. 2012ರ ಜುಲೈ 28ರಂದು ಪಡೀಲ್‌ನ ಹೋಂಸ್ಟೇ ದಾಳಿಯನ್ನು ಚಿತ್ರೀಕರಿಸಿದ ವರದಿಗಾರ ನವೀನ್ ಸೂರಿಂಜೆ ಅವರನ್ನೇ ಆರೋಪಿಯನ್ನಾಗಿ ಮಾಡಿ ನವೆಂಬರ್‌ನಲ್ಲಿ ಬಂಧಿಸಲಾಯಿತು. ದಾಳಿ ಜಗತ್ತಿಗೆ ಗೊತ್ತಾದದ್ದೇ ಆ ದೃಶ್ಯಗಳಿಂದ ಎಂದು ಪತ್ರಕರ್ತರ ಸಂಘಟನೆಗಳು ಪ್ರತಿಭಟಿಸಿದವು. ನಾಲ್ಕು ತಿಂಗಳ ಬಳಿಕ ಅವರಿಗೆ ಜಾಮೀನು ಸಿಕ್ಕಿತು. ಸರ್ಕಾರ ಪ್ರಕರಣ ಹಿಂಪಡೆಯಿತು. ಎರಡೂ ದಾಳಿಗಳ ಆರೋಪಿಗಳು ಕ್ರಮವಾಗಿ 2018 ಮತ್ತು 2024ರಲ್ಲಿ ಖುಲಾಸೆಯಾದರು.

ವೈಭವೀಕರಣ: ಉಗ್ರಗಾಮಿಗಳ ಮಾತನ್ನು ಪ್ರಕಟಿಸುವುದು ಮಾಹಿತಿಯೇ ಪ್ರಚಾರವೇ ಎಂಬ ವಿವಾದ ನಕ್ಸಲ್ ವರದಿಗಾರಿಕೆಯಲ್ಲಿ ತೀವ್ರವಾಗಿತ್ತು. 2004ರಲ್ಲಿ ಸಾಕೇತ್ ರಾಜನ್ ಮಲೆನಾಡಿನ ಕಾಡಿನಲ್ಲಿ ನಡೆಸಿದ ಪತ್ರಿಕಾಗೋಷ್ಠಿಗೆ ಗೌರಿ ಲಂಕೇಶ್ ಹೋಗಿದ್ದರು. 2005ರಲ್ಲಿ ಪೊಲೀಸರ ಮೇಲಿನ ನಕ್ಸಲ್ ದಾಳಿಯ ಕುರಿತ ವರದಿಯ ವಿಷಯದಲ್ಲಿ ಲಂಕೇಶ್ ಪತ್ರಿಕೆಯ ಸಂಪಾದಕಿಯಾಗಿದ್ದ ಗೌರಿ ಮತ್ತು ಅದರ ಪ್ರಕಾಶಕರಾಗಿದ್ದ ಸೋದರ ಇಂದ್ರಜಿತ್ ನಡುವೆ ಭಿನ್ನಾಭಿಪ್ರಾಯ ಬಂದು, ಗೌರಿ ತಮ್ಮದೇ ಹೆಸರಿನ ವಾರಪತ್ರಿಕೆ ಆರಂಭಿಸಿದರು.

ಕೊಪ್ಪಳ ಜಿಲ್ಲೆಯ ಪ್ರಸಂಗಗಳು

ಕೊಪ್ಪಳ ಜಿಲ್ಲೆಯ ಹಳ್ಳಿಗಳ ಘರ್ಷಣೆಗಳು ಸಂಘಟಿತ ಉಗ್ರವಾದಕ್ಕಿಂತ ಸ್ಥಳೀಯ ವೈಷಮ್ಯದಿಂದ ಹುಟ್ಟಿದವು. ಆದರೂ ಅವುಗಳ ವರದಿಯಲ್ಲಿ ಮೇಲಿನ ಪ್ರಶ್ನೆಗಳೇ ಎದುರಾಗಿವೆ. 2019ರ ಜುಲೈನಲ್ಲಿ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ಒಡೆದುಹಾಕಿದಾಗ ರಾಜ್ಯದಾದ್ಯಂತ ಆಕ್ರೋಶ ಎದ್ದಿತು. ಪೊಲೀಸರು ಕೆಲವೇ ದಿನಗಳಲ್ಲಿ ಆಂಧ್ರಪ್ರದೇಶದ ನಿಧಿಗಳ್ಳರ ತಂಡವನ್ನು ಬಂಧಿಸಿದರು. ಕೃತ್ಯದ ಉದ್ದೇಶ ನಿಧಿಯ ಆಸೆ ಎಂದು ತನಿಖೆ ತಿಳಿಸಿತು. 2022ರ ಆಗಸ್ಟ್ 11ರಂದು ಕನಕಗಿರಿ ತಾಲ್ಲೂಕಿನ ಹುಲಿಹೈದರ ಗ್ರಾಮದಲ್ಲಿ ಗುಂಪು ಘರ್ಷಣೆ ನಡೆದು ಎರಡು ಸಮುದಾಯಗಳ ತಲಾ ಒಬ್ಬರು ಸತ್ತರು, ನಿಷೇಧಾಜ್ಞೆ ಹೊರಡಿಸಲಾಯಿತು. ಅಂತರಧರ್ಮೀಯ ವಿವಾಹ, ಹಬ್ಬದ ಮೆರವಣಿಗೆ, ಹಳೆಯ ದ್ವೇಷ ಎಂದು ಬೇರೆಬೇರೆ ವರದಿಗಳು ಬೇರೆಬೇರೆ ಕಾರಣ ಕೊಟ್ಟವು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮನೆಗಳಿಗೆ ಬೆಂಕಿಯಿಟ್ಟ ಪ್ರಕರಣದಲ್ಲಿ ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರ್ 24ರಂದು 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷಗಳ ಶಿಕ್ಷೆ ವಿಧಿಸಿತು. ಹತ್ತು ವರ್ಷ ಹಳೆಯದಾದ ಈ ಪ್ರಕರಣ ತೀರ್ಪಿನ ದಿನ ರಾಷ್ಟ್ರೀಯ ಸುದ್ದಿಯಾಯಿತು. ಮುಂದೆ ಹೈಕೋರ್ಟ್ ಬಹುತೇಕರಿಗೆ ಜಾಮೀನು ನೀಡಿತು.

ಕಾನೂನು ಮತ್ತು ನಿಯಂತ್ರಣ

ಭಯೋತ್ಪಾದನಾ ಪ್ರಕರಣಗಳಿಗೆ 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ (ಯುಎಪಿಎ) ಅನ್ವಯಿಸುತ್ತದೆ. 2008ರ ಕಾಯ್ದೆಯಡಿ ಎನ್‌ಐಎ ಸ್ಥಾಪನೆಯಾಯಿತು. ಗೌರಿ ಹತ್ಯೆ ಪ್ರಕರಣದಲ್ಲಿ ಸಂಘಟಿತ ಅಪರಾಧಗಳ ವಿರುದ್ಧದ ಕರ್ನಾಟಕ ಕಾಯ್ದೆಯನ್ನೂ (ಕೋಕಾ) ಬಳಸಲಾಗಿದೆ. ಸಮುದಾಯಗಳ ನಡುವೆ ದ್ವೇಷ ಬಿತ್ತುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನಡಿ ಅಪರಾಧ. ಯುಎಪಿಎ ಅಡಿ ಸಿಮಿಯನ್ನು 2001ರಲ್ಲಿ, ಪಾಪ್ಯುಲರ್ ಫ್ರಂಟ್ ಆಫ್ ಇಂಡಿಯಾವನ್ನು 2022ರ ಸೆಪ್ಟೆಂಬರ್ 28ರಂದು ನಿಷೇಧಿಸಲಾಯಿತು.

ಮುದ್ರಣ ಮಾಧ್ಯಮದ ನಡತೆಯನ್ನು ಭಾರತೀಯ ಪತ್ರಿಕಾ ಮಂಡಳಿ ಪರಿಶೀಲಿಸುತ್ತದೆ. ಅದಕ್ಕೆ ಛೀಮಾರಿ ಹಾಕುವ ಅಧಿಕಾರವಿದೆ, ದಂಡ ವಿಧಿಸುವ ಅಧಿಕಾರವಿಲ್ಲ. ಭಯೋತ್ಪಾದನೆ ವಿರೋಧಿ ಕಾರ್ಯಾಚರಣೆಯ ನೇರ ಪ್ರಸಾರವನ್ನು 2015ರ ಮಾರ್ಚ್‌ನಲ್ಲಿ ತಿದ್ದುಪಡಿಯಾದ ಕೇಬಲ್ ಟೆಲಿವಿಷನ್ ನಿಯಮಗಳು ನಿಷೇಧಿಸಿವೆ. ಪೊಲೀಸರು ಮಾಧ್ಯಮಕ್ಕೆ ಮಾಹಿತಿ ನೀಡುವ ರೀತಿಗೆ ಕೈಪಿಡಿ ರೂಪಿಸುವಂತೆ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 13ರಂದು ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತು. ಸುದ್ದಿ ವಾಹಿನಿಗಳ ಸ್ವಯಂ ನಿಯಂತ್ರಣ ಪ್ರಾಧಿಕಾರ 2021ರ ಜೂನ್‌ನಲ್ಲಿ ನೀಡಿದ ಆದೇಶ ಕನ್ನಡ ಮಾಧ್ಯಮಕ್ಕೆ ನೇರವಾಗಿ ಸಂಬಂಧಿಸಿದೆ. 2020ರಲ್ಲಿ ಕೊರೊನಾ ಸೋಂಕನ್ನು ತಬ್ಲೀಗಿ ಜಮಾತ್ ಸಮಾವೇಶಕ್ಕೆ ಜೋಡಿಸಿ ಮಾಡಿದ ಕಾರ್ಯಕ್ರಮಗಳಿಗಾಗಿ ಅದು ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50,000 ರೂಪಾಯಿ ದಂಡ ವಿಧಿಸಿತು.

ಪುನರ್ವಸತಿ

ಉಗ್ರವಾದದಿಂದ ಹಿಂದಿರುಗುವವರಿಗೆ ರಾಜ್ಯದಲ್ಲಿರುವ ಸ್ಪಷ್ಟ ವ್ಯವಸ್ಥೆ ನಕ್ಸಲರ ಶರಣಾಗತಿ ನೀತಿ. ಗೌರಿ ಲಂಕೇಶ್ ಸಕ್ರಿಯರಾಗಿದ್ದ ನಾಗರಿಕ ವೇದಿಕೆಯ ಮಧ್ಯಸ್ಥಿಕೆಯಿಂದ 2014ರ ಡಿಸೆಂಬರ್‌ನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಜುಲ್ಫಿಕರ್ ಮುಖ್ಯವಾಹಿನಿಗೆ ಬಂದರು. 2024ರ ನವೆಂಬರ್‌ನಲ್ಲಿ ಹೆಬ್ರಿ ಸಮೀಪ ನಕ್ಸಲ್ ನಾಯಕ ವಿಕ್ರಂ ಗೌಡ ಎನ್‌ಕೌಂಟರ್‌ನಲ್ಲಿ ಸತ್ತ ನಂತರ, 2025ರ ಜನವರಿ 8ರಂದು ಆರು ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಎದುರು ಶರಣಾದರು. ಫೆಬ್ರುವರಿಯ ಮೊದಲ ವಾರದೊಳಗೆ ಉಳಿದ ಇಬ್ಬರೂ ಶರಣಾದರು.

ಸದ್ಯದ ಸ್ಥಿತಿ

2025ರಲ್ಲಿ ಸರ್ಕಾರ ದಕ್ಷಿಣ ಕನ್ನಡ, ಉಡುಪಿ ಮತ್ತು ಶಿವಮೊಗ್ಗ ಜಿಲ್ಲೆಗಳಿಗೆ ಕೋಮುಹಿಂಸೆ ತಡೆಯುವ ವಿಶೇಷ ಕಾರ್ಯಪಡೆ ರಚಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆಯನ್ನು ವಿಧಾನಮಂಡಲದ ಎರಡೂ ಸದನಗಳು ಅಂಗೀಕರಿಸಿದವು. ದ್ವೇಷ ಪ್ರಚಾರದಿಂದ ಜೀವಹಾನಿಯಾಗುತ್ತಿದೆ ಎಂಬುದು ಮಸೂದೆಯ ಬೆಂಬಲಿಗರ ವಾದ. ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಮೊಟಕುಗೊಳಿಸಲು, ಪತ್ರಕರ್ತರನ್ನೂ ವಿರೋಧಿಗಳನ್ನೂ ಬೆದರಿಸಲು ಅದನ್ನು ಬಳಸಬಹುದು ಎಂಬುದು ವಿರೋಧಿಗಳ ವಾದ. ದೈನಿಕಗಳು ಸುಳ್ಳುಸುದ್ದಿ ಪರಿಶೀಲನೆಯ ಅಂಕಣಗಳನ್ನು ಆರಂಭಿಸಿವೆ. ವಾಹಿನಿಗಳ ಸ್ವಯಂ ನಿಯಂತ್ರಣ ಪ್ರಾಧಿಕಾರದ ಆದೇಶಗಳು ಅದರ ಸದಸ್ಯ ವಾಹಿನಿಗಳಿಗೆ ಮಾತ್ರ ಅನ್ವಯಿಸುತ್ತವೆ. ಯೂಟ್ಯೂಬ್ ವಾಹಿನಿಗಳನ್ನು ನಡೆಸುವ ವ್ಯಕ್ತಿಗಳೂ ವಾಟ್ಸ್‌ಆ್ಯಪ್ ಗುಂಪುಗಳೂ ಅದರ ವ್ಯಾಪ್ತಿಗೆ ಬರುವುದಿಲ್ಲ.